ಸಂತ ಕತ್ಬರ್ಟನ ಚರಿತೆ: ಒಂದು ಜೀವನದ ಮೂರು ನಿರೂಪಣೆಗಳು

ಮಹಾಪುರುಷನ ಚರಿತೆಯನ್ನು ಬರೆಯಹೊರಟವನ ಮುಂದೆ ಎರಡು ಮಾರ್ಗಗಳಿರುತ್ತವೆ. ಆ ಪುರುಷನು ಪೂರ್ವದ ಮಹಾಪುರುಷರಂತೆಯೇ ಇದ್ದನೆಂದು ತೋರಿಸುವುದು ಒಂದು. ಅವನು ಮತ್ತಾರಂತೆಯೂ ಇಲ್ಲದೆ ತಾನೇ ತಾನಾಗಿ ಇದ್ದನೆಂದು ತೋರಿಸುವುದು ಇನ್ನೊಂದು. ಮೊದಲನೆಯ ಮಾರ್ಗದಲ್ಲಿ ಪೂಜ್ಯತೆಯು ಸುಲಭವಾಗಿ ಸಿದ್ಧಿಸುತ್ತದೆ, ಆದರೆ ವ್ಯಕ್ತಿಯು ಮರೆಯಾಗುತ್ತಾನೆ. ಎರಡನೆಯದರಲ್ಲಿ ವ್ಯಕ್ತಿಯು ಕಣ್ಣಿಗೆ ಕಟ್ಟುತ್ತಾನೆ, ಆದರೆ ಅವನನ್ನು ಪೂಜಿಸುವುದೇಕೆಂಬ ಪ್ರಶ್ನೆ ಉಳಿಯುತ್ತದೆ. ಈ ಎರಡನ್ನೂ ಹೊಂದಿಸಿಕೊಂಡು ಹೋಗುವುದರಲ್ಲಿಯೇ ಚರಿತಕಾರನ ಶಕ್ತಿಯ ಪರೀಕ್ಷೆ. ಆಂಗ್ಲೋ-ಸ್ಯಾಕ್ಸನ್ ಜನಾಂಗದ ಸಂತರಲ್ಲಿ ಅಗ್ರಗಣ್ಯನಾದ ಕತ್ಬರ್ಟನ ಚರಿತೆಯು ಈ ವಿಚಾರಕ್ಕೆ ಉತ್ತಮವಾದ ಉದಾಹರಣೆ. ಏಕೆಂದರೆ, ಅವನು ಕಾಲವಾದ ನಲವತ್ತು ವರ್ಷಗಳೊಳಗಾಗಿ ಆ ಚರಿತೆಯು ಲ್ಯಾಟಿನ್ ಭಾಷೆಯಲ್ಲಿ ಮೂರು ಸಲ ರಚಿತವಾಯಿತು: ಒಂದು ಸಲ ಸರಳವಾದ ಗದ್ಯದಲ್ಲಿ, ಒಂದು ಸಲ ಪದ್ಯದಲ್ಲಿ, ಮತ್ತೊಂದು ಸಲ ಪ್ರೌಢವಾದ ಗದ್ಯದಲ್ಲಿ. ವಸ್ತುವು ಒಂದೇ ಆಗಿದ್ದು ನಿರೂಪಣೆಯು ಮೂರು ಬಗೆಯಾದಾಗ, ಯಾವ ಗುಣವು ವಸ್ತುವಿನದು, ಯಾವುದು ಕರ್ತೃವಿನದು ಎಂಬುದನ್ನು ಬೇರ್ಪಡಿಸಿ ನೋಡಲು ಅವಕಾಶವುಂಟಾಗುತ್ತದೆ.

ಈ ಮೂರರಲ್ಲಿ ಬೀಡನೆಂಬ ಪಂಡಿತನ ಪ್ರೌಢಗದ್ಯವೇ ಶ್ರೇಷ್ಠವೆಂಬುದು ಬಹುಕಾಲದಿಂದ ನಡೆದುಬಂದ ಅಭಿಪ್ರಾಯ. ಅದು ಶ್ರೇಷ್ಠವೇ ಸರಿ. ಆದರೆ ಅದರ ಶ್ರೇಷ್ಠತೆಯು ಎಲ್ಲಿದೆಯೆಂದು ಸಾಮಾನ್ಯವಾಗಿ ಹೇಳಲಾಗುತ್ತದೆಯೋ ಅಲ್ಲಿಲ್ಲ, ಬೇರೊಂದೆಡೆಯಲ್ಲಿದೆ.

೧

ಚರಿತೆಯ ಸಾರಾಂಶವನ್ನು ಮೊದಲು ತಿಳಿದುಕೊಳ್ಳುವುದು ಅವಶ್ಯಕ. ಕತ್ಬರ್ಟನು ಇಂಗ್ಲೆಂಡಿನ ಉತ್ತರಭಾಗದ ನಾರ್ಥಂಬ್ರಿಯ ರಾಜ್ಯದಲ್ಲಿ ಸುಮಾರು ಕ್ರಿ. ಶ. ೬೩೫ರಲ್ಲಿ ಜನಿಸಿದನು. ಐಯೋನಾ ದ್ವೀಪದ ಐರಿಷ್ ಮಠದಿಂದ ಬಂದ ಐಡನ್ ಎಂಬ ಯತಿಯು ಲಿಂಡಿಸ್‌ಫಾರ್ನಿನಲ್ಲಿ ಮಠವನ್ನು ಸ್ಥಾಪಿಸಿದುದೂ ಅದೇ ೬೩೫ರಲ್ಲಿಯೇ. ಲಿಂಡಿಸ್‌ಫಾರ್ನ್ ಒಂದು ವಿಚಿತ್ರವಾದ ನೆಲ: ಸಮುದ್ರವು ಏರಿದಾಗ ದ್ವೀಪ, ಇಳಿದಾಗ ನೆಲಕ್ಕೆ ಕೂಡಿಕೊಂಡ ಮರಳುದಿಣ್ಣೆ. ೬೫೧ರಲ್ಲಿ ಒಂದು ರಾತ್ರಿ ಕುರಿಗಳನ್ನು ಕಾಯುತ್ತಿದ್ದ ತರುಣ ಕತ್ಬರ್ಟನು, ದೇವದೂತರು ಒಂದು ಆತ್ಮವನ್ನು ಸ್ವರ್ಗಕ್ಕೆ ಒಯ್ಯುವುದನ್ನು ಕಂಡನೆಂದೂ, ಅದೇ ವೇಳೆಯಲ್ಲಿ ಐಡನ್ ತೀರಿಕೊಂಡನೆಂಬ ಸುದ್ದಿಯು ಆಮೇಲೆ ಬಂದಿತೆಂದೂ ಚರಿತೆಗಳು ಹೇಳುತ್ತವೆ. ಅನಂತರ ಅವನು ಮೆಲ್‌ರೋಸ್ ಮಠವನ್ನು ಸೇರಿ ಬಾಯ್ಸಿಲ್ ಎಂಬ ಗುರುವಿನ ಶಿಷ್ಯನಾದನು; ಸ್ವಲ್ಪಕಾಲ ರಿಪನ್ ಮಠದಲ್ಲಿ ಅತಿಥಿಸತ್ಕಾರದ ಹೊಣೆಯನ್ನು ಹೊತ್ತಿದ್ದನು; ಮುಂದೆ ಲಿಂಡಿಸ್‌ಫಾರ್ನ್ ಮಠದ ಆಡಳಿತಕ್ಕೆ ಬಂದನು. ೬೭೬ರಲ್ಲಿ ಅದನ್ನೂ ಬಿಟ್ಟು, ಸಮುದ್ರಮಧ್ಯದ ಫಾರ್ನ್ ಎಂಬ ಬಂಡೆಯ ದ್ವೀಪದಲ್ಲಿ ಏಕಾಂತವಾಸಿಯಾದನು. ೬೮೪ರಲ್ಲಿ ಬಿಷಪ್ ಪದವಿಗೆ ಆಯ್ಕೆಯಾಗಿ, ದೊರೆ ಎಜ್‌ಫ್ರಿತನೇ ದೋಣಿಯಲ್ಲಿ ಬಂದು ಬೇಡಿಕೊಂಡುದರಿಂದ ಕಣ್ಣೀರಿನೊಡನೆ ಒಪ್ಪಿ, ೬೮೫ರ ಮಾರ್ಚ್ ೨೬ರಂದು ಯಾರ್ಕ್ ನಗರದಲ್ಲಿ ಅಭಿಷಿಕ್ತನಾದನು. ಎರಡು ವರ್ಷಗಳೂ ತುಂಬುವುದರೊಳಗೆ ಪದವಿಯನ್ನು ಬಿಟ್ಟು ಮತ್ತೆ ಫಾರ್ನಿಗೆ ಹೋಗಿ, ೬೮೭ರ ಮಾರ್ಚ್ ೨೦ರಂದು ಅಲ್ಲಿಯೇ ದೇಹವಿಟ್ಟನು. ಹನ್ನೊಂದು ವರ್ಷಗಳ ತರುವಾಯ, ೬೯೮ರಲ್ಲಿ, ಸಮಾಧಿಯನ್ನು ತೆರೆದಾಗ ಶರೀರವು ಕೆಡದೆ ಇದ್ದುದು ಕಂಡುಬಂದಿತೆಂದು ಮಠದವರು ಸಾರಿದರು. ಚರಿತೆಗಳ ರಚನೆಗೆ ಪ್ರೇರಣೆ ದೊರೆತುದು ಇದರಿಂದಲೇ.

೨

ಮೊದಲನೆಯ ಚರಿತೆಯು ೬೯೯ರಿಂದ ೭೦೫ರ ಒಳಗೆ ಲಿಂಡಿಸ್‌ಫಾರ್ನ್ ಮಠದ ಒಬ್ಬ ಸಂನ್ಯಾಸಿಯಿಂದ ನಾಲ್ಕು ಭಾಗಗಳಲ್ಲಿ ರಚಿತವಾಯಿತು. ಅವನ ಹೆಸರು ಉಳಿದಿಲ್ಲ. ಆದಕಾರಣ ವಿದ್ವಾಂಸರು ಅವನನ್ನು ಅನಾಮಧೇಯನೆಂದೇ ವ್ಯವಹರಿಸುತ್ತಾರೆ. ಎರಡನೆಯದೂ ಮೂರನೆಯದೂ ಜಾರೋ ಮಠದ ಬೀಡನವು. ಏಳನೆಯ ವಯಸ್ಸಿನಲ್ಲಿಯೇ ಮಠವನ್ನು ಸೇರಿ, ಓದುವುದು, ಕಲಿಸುವುದು, ಬರೆಯುವುದು ಇವುಗಳಲ್ಲಿಯೇ ಜೀವಮಾನವನ್ನು ಕಳೆದು ೭೩೫ರಲ್ಲಿ ಕಾಲವಾದ ಆ ಮಹಾಪಂಡಿತನು ಮೊದಲು ಇದೇ ವಸ್ತುವನ್ನು ಸುಮಾರು ೯೮೦ ಸಾಲುಗಳ ಪದ್ಯಕಾವ್ಯವಾಗಿ ಬರೆದನು. ಬಳಿಕ ಸುಮಾರು ೭೨೧ರಲ್ಲಿ, ಲಿಂಡಿಸ್‌ಫಾರ್ನಿನ ಬಿಷಪ್ ಎಡ್‌ಫ್ರಿತನ ಮತ್ತು ಅಲ್ಲಿಯ ಮಠದವರ ಅಪೇಕ್ಷೆಯಂತೆ, ೪೬ ಅಧ್ಯಾಯಗಳ ಗದ್ಯಗ್ರಂಥವನ್ನು ರಚಿಸಿದನು. ಒಂದೇ ವಿಷಯವನ್ನು ಗದ್ಯ ಪದ್ಯಗಳೆರಡರಲ್ಲಿಯೂ ಬರೆಯುವ ಪದ್ಧತಿಯು ಬೀಡನಿಗೆ ಮೊದಲೇ ಇತ್ತು. ಐದನೆಯ ಶತಮಾನದ ಸೆಡ್ಯೂಲಿಯಸ್ ಕವಿಯೂ ಇಂಗ್ಲೆಂಡಿನ ಆಲ್ಡ್‌ಹೆಲ್ಮನೂ ಹಾಗೆ ಮಾಡಿದ್ದರು. ಎರಡು ಗದ್ಯಚರಿತೆಗಳ ಮೂಲಪಾಠವನ್ನೂ ಅನುವಾದವನ್ನೂ ಬರ್ಟ್ರಮ್ ಕೋಲ್‌ಗ್ರೇವ್ ಎಂಬ ವಿದ್ವಾಂಸನು ೧೯೪೦ರಲ್ಲಿ ಒಟ್ಟಿಗೆ ಪ್ರಕಟಿಸಿದುದರಿಂದ ತೌಲನಿಕ ವ್ಯಾಸಂಗವು ಸುಗಮವಾಯಿತು.

ಪದ್ಯಕಾವ್ಯದ ವಿಷಯವನ್ನು ಸಂಕ್ಷೇಪವಾಗಿ ಹೇಳಿ ಮುಗಿಸಬಹುದು. ಅದು ಪ್ರಾಚೀನ ರೋಮನ್ ಕವಿಗಳ ವೀರಕಾವ್ಯದ ಛಂದಸ್ಸಿನಲ್ಲಿದೆ. ಬಂಧವು ಗಟ್ಟಿಯಾಗಿದೆ, ಪದಗಳ ಆಯ್ಕೆಯು ಪ್ರಶಸ್ತವಾಗಿದೆ. ಆದರೆ ಕಥೆಯನ್ನು ಮೊದಲೇ ಬಲ್ಲವನಲ್ಲದೆ ಅನ್ಯನು ಅದನ್ನು ಹಿಡಿಯಲಾರನು. ಊರುಗಳೂ ವ್ಯಕ್ತಿಗಳೂ ಬಹುಮಟ್ಟಿಗೆ ಹೆಸರಿಲ್ಲದೆ ಸುಳಿಯುತ್ತಾರೆ. ಪ್ರಸಂಗಗಳು ಸೂಚನೆಗಳಾಗಿ ಕುಗ್ಗುತ್ತವೆ. ವ್ಯಾಖ್ಯಾನವಿಲ್ಲದ ಶ್ಲೇಷಕಾವ್ಯದಂತೆ ಅದು ಕಲಿತವರ ಮನನಕ್ಕೆ ತಕ್ಕುದೇ ಹೊರತು ಸಭೆಯ ಶ್ರವಣಕ್ಕೆ ತಕ್ಕುದಲ್ಲ. ಬೀಡನೇ ಮತ್ತೆ ಗದ್ಯಕ್ಕೆ ಕೈಹಾಕಿದನೆಂಬುದರಲ್ಲಿ ಈ ಕೊರತೆಯ ಅರಿವು ಅಡಗಿರುವಂತೆ ತೋರುತ್ತದೆ. ಆದ್ದರಿಂದ ವಿಚಾರಣೀಯವಾದವು ಎರಡು ಗದ್ಯಚರಿತೆಗಳೇ.

೩

ಅನಾಮಧೇಯನ ಮೇಲೆ ಬರುವ ಮೊದಲ ಆಕ್ಷೇಪವು ಅನ್ಯಗ್ರಂಥಗಳಿಂದ ಎತ್ತಿಕೊಂಡನೆಂಬುದು. ಅದು ಸುಳ್ಳಲ್ಲ. ಈಜಿಪ್ಟಿನ ಮರುಭೂಮಿಯ ತಪಸ್ವಿ ಆಂಟನಿಯ ಚರಿತೆಯಿಂದಲೂ, ಸುಲ್ಪೀಷಿಯಸ್ ಸೆವೆರಸನು ಬರೆದ ಟೂರ್ ನಗರದ ಬಿಷಪ್ ಮಾರ್ಟಿನ್ನನ ಚರಿತೆಯಿಂದಲೂ ವಾಕ್ಯಗಳು ಇದ್ದಂತೆಯೇ ಇಲ್ಲಿ ಬಂದಿವೆ. ಬಿಷಪ್ ಪದವಿಗೇರಿದ ಮೇಲೂ ಕತ್ಬರ್ಟನು ಹಿಂದಿನಂತೆಯೇ ವಿನಯವುಳ್ಳವನಾಗಿ, ಬಡ ಉಡುಗೆಯವನಾಗಿ ಇದ್ದನೆಂದು ಅನಾಮಧೇಯನು ವರ್ಣಿಸುವಾಗ, ಆ ಮಾತುಗಳು ಸುಲ್ಪೀಷಿಯಸನು ಮಾರ್ಟಿನ್ನನನ್ನು ಕುರಿತು ಬರೆದವು. ಹಾಗಾದರೆ ಓದುಗನು ಕಾಣುವುದು ಯಾರನ್ನು? ಕತ್ಬರ್ಟನನ್ನೋ, ಮಾರ್ಟಿನ್ನನನ್ನೋ?

ಇದನ್ನು ಚೌರ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ವಿಮರ್ಶೆಯಾಗಲಾರದು. ಪೂರ್ವಸೂರಿಗಳ ಮಾತನ್ನು ಧರಿಸುವುದು ಆ ಕಾಲದ ಮಠಗಳಲ್ಲಿ ಗೌರವದ ಗುರುತಾಗಿತ್ತು. ಸಂತರೆಲ್ಲರೂ ಒಂದೇ ದೇಹದ ಅಂಗಗಳೆಂದು ನಂಬಿದವರಿಗೆ ಒಬ್ಬನನ್ನು ಕುರಿತ ಮಾತು ಇನ್ನೊಬ್ಬನಿಗೂ ಸಲ್ಲತಕ್ಕುದೇ ಆಗಿತ್ತು. ಆದರೂ ಸಾದೃಶ್ಯಗಳೆಲ್ಲವೂ ಸಮಾನವಲ್ಲ. ಈ ವಿಷಯದಲ್ಲಿ ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ ಮಾಡಿರುವ ವಿಭಾಗವು ಉಪಯುಕ್ತವಾಗಿದೆ. ಒಂದು ಕಾವ್ಯಾರ್ಥವು ಇನ್ನೊಂದನ್ನು ಹೋಲುವುದು ಕನ್ನಡಿಯ ಪ್ರತಿಬಿಂಬದಂತಿರಬಹುದು, ಚಿತ್ರದಂತಿರಬಹುದು, ಅಥವಾ ಒಬ್ಬ ದೇಹಿಯು ಇನ್ನೊಬ್ಬ ದೇಹಿಯನ್ನು ಹೋಲುವಂತಿರಬಹುದು. ಪ್ರತಿಬಿಂಬಕ್ಕೆ ಸ್ವಂತ ಆತ್ಮವಿಲ್ಲ. ಚಿತ್ರಕ್ಕೆ ಇದ್ದರೂ ಅದು ತುಚ್ಛ. ಮೂರನೆಯದಕ್ಕೆ ಮಾತ್ರ ತನ್ನದೇ ಆದ ಆತ್ಮವುಂಟು, ಆದಕಾರಣ ಕವಿಯು ಅದನ್ನು ಬಿಡಬೇಕಾದುದಿಲ್ಲವೆಂಬುದು ಆಚಾರ್ಯನ ಅಭಿಪ್ರಾಯ.

ಈ ಒರೆಗಲ್ಲಿನ ಮೇಲೆ ಉಜ್ಜಿದರೆ, ಮಾರ್ಟಿನ್ನನಿಂದ ತಂದ ಗುಣವರ್ಣನೆಯು ಕೇವಲ ಪ್ರತಿಬಿಂಬ. ಅದನ್ನು ತೆಗೆದುಹಾಕಿದರೂ ಕತ್ಬರ್ಟನ ಮೂರ್ತಿಗೆ ಕೊರತೆಯಾಗದು. ಆದರೆ ಕಾಗೆಗಳ ಪ್ರಸಂಗವನ್ನು ನೋಡಬೇಕು. ಫಾರ್ನ್ ದ್ವೀಪದಲ್ಲಿ ಅತಿಥಿಗಳಿಗಾಗಿ ಕಟ್ಟಿದ ಮನೆಯ ಹುಲ್ಲುಮಾಡನ್ನು ಕಾಗೆಗಳು ಕಿತ್ತು ಗೂಡಿಗೆ ಒಯ್ಯುತ್ತಿದ್ದುವು. ಕತ್ಬರ್ಟನು ಗದರಿಸಿ ಅಟ್ಟಿದನು. ಮೂರು ದಿನಗಳಾದ ಮೇಲೆ ಒಂದು ಕಾಗೆಯು ಮರಳಿಬಂದು, ರೆಕ್ಕೆಗಳನ್ನು ಇಳಿಬಿಟ್ಟು, ತಲೆಯನ್ನು ಬಾಗಿಸಿ ಕ್ಷಮೆ ಬೇಡಿತು. ಅಪ್ಪಣೆಯಾದ ಬಳಿಕ ಜೊತೆಗಾರನನ್ನೂ ಕರೆದುಕೊಂಡು ಹಂದಿಯ ಕೊಬ್ಬಿನ ತುಂಡೊಂದನ್ನು ಕಾಣಿಕೆಯಾಗಿ ತಂದಿತು. ಆ ಕೊಬ್ಬನ್ನು ಸಂತನು ಬಂದವರಿಗೆ ಪಾದರಕ್ಷೆಗಳಿಗೆ ಸವರಿಕೊಳ್ಳಲು ಕೊಡುತ್ತಿದ್ದನು. ಸಂತನಿಗೆ ಕಾಗೆಯು ವಿಧೇಯವಾದ ಕಥೆಯು ಇಟಲಿಯ ಬೆನೆಡಿಕ್ಟನ ಚರಿತೆಯಲ್ಲಿಯೂ ಉಂಟು. ಆದರೆ ದೋಣಿಯಿಂದಿಳಿದು ಉಪ್ಪುನೀರಿನಲ್ಲಿ ನೆನೆದ ಪಾದರಕ್ಷೆಗಳೊಡನೆ ಬರುವ ಅತಿಥಿಗಳು, ಅವರಿಗಾಗಿ ಕಾದಿಟ್ಟ ಕೊಬ್ಬಿನ ತುಂಡು ಇವು ಬೆನೆಡಿಕ್ಟನವಲ್ಲ, ಫಾರ್ನಿನವು. ದೇಹವು ಹೋಲಿದರೂ ಆತ್ಮವು ಬೇರೆ. ಅನಾಮಧೇಯನು ಈ ಕಥೆಯನ್ನು ಹೇಳುವಾಗ ಪೂರ್ವಚರಿತೆಯ ಸಾಲವನ್ನು ತೀರಿಸಿ ತನ್ನದೇ ಆದ ಧನವನ್ನು ಗಳಿಸಿದ್ದಾನೆ.

ಬೀಡನ ಕ್ರಮವು ಇನ್ನೂ ನೇರವಾದುದು. ಕಾಗೆಗಳ ಪ್ರಸಂಗದಲ್ಲಿ ಬೆನೆಡಿಕ್ಟನನ್ನೂ, ಬಿತ್ತಿದ ಪೈರನ್ನು ತಿನ್ನಬಂದ ಹಕ್ಕಿಗಳು ಸಂತನ ಮಾತಿಗೆ ಹಿಂದೆಗೆದ ಪ್ರಸಂಗದಲ್ಲಿ ಆಂಟನಿಯನ್ನೂ ಅವನು ಹೆಸರೆತ್ತಿಯೇ ಸ್ಮರಿಸುತ್ತಾನೆ. ಅನಾಮಧೇಯನಲ್ಲಿ ಮರೆಯಲ್ಲಿದ್ದ ಅನುಕರಣವು ಬೀಡನಲ್ಲಿ ಪ್ರಕಟವಾದ ಉಪಮೆಯಾಗುತ್ತದೆ. ಉಪಮಾನವನ್ನು ಬಾಯಿಬಿಟ್ಟು ಹೇಳಿದೊಡನೆ ಉಪಮೇಯವು ಬೇರೆಯೆಂಬುದೂ ಸಿದ್ಧವಾಗುತ್ತದೆ. ಇದು ಅವನ ಪಾಂಡಿತ್ಯದ ಪ್ರಾಮಾಣಿಕತೆ.

೪

ಇಷ್ಟಾದರೂ ಬೀಡನ ಸಂಸ್ಕಾರವೆಲ್ಲವೂ ಲಾಭವೇ ಆಯಿತೆನ್ನಲಾಗದು. ಅನಾಮಧೇಯನ ಗದ್ಯವು ಒರಟು. ಪ್ರಸಂಗಗಳ ಜೋಡಣೆಯು ಸಡಿಲ. ಆದರೆ ಅವನು ಊರುಗಳ ಹೆಸರನ್ನು ಹೇಳುತ್ತಾನೆ, ಸಾಕ್ಷಿಗಳ ಹೆಸರನ್ನು ಹೇಳುತ್ತಾನೆ. ಕತ್ಬರ್ಟನನ್ನು ಬಾಲ್ಯದಲ್ಲಿ ಸಾಕಿದ ತಾಯಿಯು ಕೆನ್‌ಸ್ವಿತ್ ಎಂಬವಳು; ಅವಳ ಊರಿನ ಹೆಸರೂ ಅವನಲ್ಲಿ ದೊರೆಯುತ್ತದೆ. ಹದ್ದೊಂದು ಮೀನನ್ನು ಹಿಡಿದು ತಂದುಕೊಟ್ಟುದು ಟೀವಿಯಟ್ ನದಿಯ ತೀರದಲ್ಲಿ. ಅವನು ಬರೆದುದು ತನ್ನ ಮಠದವರಿಗಾಗಿ. ಅವರು ಆ ಹೊಳೆಯನ್ನು ದಾಟಿದವರು, ಆ ಊರಿನಲ್ಲಿ ಉಂಡವರು. ಬೀಡನು ಬರೆದುದು ಲ್ಯಾಟಿನ್ ಬಲ್ಲ ಸಮಸ್ತ ಕ್ರೈಸ್ತಲೋಕಕ್ಕಾಗಿ. ದೂರದವರ ಕಿವಿಗೆ ಆ ಹೆಸರುಗಳು ಕರ್ಕಶವೆಂದು ಹಲವನ್ನು ಬಿಟ್ಟನು. ಅದರಿಂದ ವಾಕ್ಯದ ಓಟವು ಸೊಗಸಾಯಿತು, ಆದರೆ ಕಾಲಡಿಯ ನೆಲವು ತೆಳ್ಳಗಾಯಿತು. ಹೆಸರುಳ್ಳ ಹೊಳೆಯಲ್ಲಿ ನಡೆದ ಆಶ್ಚರ್ಯವನ್ನು ನಂಬುವ ಬಗೆಯೇ ಬೇರೆ, ಎಲ್ಲಿಯೋ ನಡೆದ ಆಶ್ಚರ್ಯವನ್ನು ನಂಬುವ ಬಗೆಯೇ ಬೇರೆ.

ಕೆಲವು ಕಡೆ ವಿಪರ್ಯಯವೂ ಉಂಟು. ಎಬ್ಬೆ ಎಂಬ ರಾಜಸೋದರಿಯು ಅಧಿಪತಿಯಾಗಿದ್ದ ಕೋಲ್ಡಿಂಗ್‌ಹ್ಯಾಮಿನ ಮಠಕ್ಕೆ ಹೋಗಿದ್ದಾಗ ಕತ್ಬರ್ಟನು ರಾತ್ರಿಯಲ್ಲಿ ಒಬ್ಬನೇ ಎದ್ದು, ಕೊರಳವರೆಗೆ ಕಡಲಿನಲ್ಲಿ ನಿಂತು, ಬೆಳಗಾಗುವತನಕ ಪ್ರಾರ್ಥಿಸಿದನು. ದಡಕ್ಕೆ ಬಂದಾಗ ಎರಡು ಪ್ರಾಣಿಗಳು ನೀರಿನಿಂದೆದ್ದು ಬಂದು ಉಸಿರಿನಿಂದ ಅವನ ಪಾದಗಳನ್ನು ಬೆಚ್ಚಗೆ ಮಾಡಿ, ತಮ್ಮ ಮೈಯ ತುಪ್ಪುಳಿನಿಂದ ಒರಸಿದುವು. ಹಿಂಬಾಲಿಸಿ ಬಂದು ಕದ್ದು ನೋಡಿದ ಸಂನ್ಯಾಸಿಯೊಬ್ಬನು ಇದನ್ನು ಕಂಡು ಭಯದಿಂದ ತತ್ತರಿಸಿ ಕ್ಷಮೆ ಬೇಡಿದನು. ತಾನು ಬದುಕಿರುವವರೆಗೆ ಯಾರಿಗೂ ಹೇಳಬಾರದೆಂದು ಸಂತನು ಕಟ್ಟುಮಾಡಿದನು. ಅನಾಮಧೇಯನಲ್ಲಿ ಅವು ಸಮುದ್ರದ ಎರಡು ಸಣ್ಣ ಪ್ರಾಣಿಗಳು, ಅಷ್ಟೆ. ಬೀಡನಲ್ಲಿ ಅವು ನೀರುನಾಯಿಗಳು. ಒಂದು ಪದದಿಂದ ಚಿತ್ರವು ಸ್ಪಷ್ಟವಾಯಿತು. ಪದೌಚಿತ್ಯವೆಂದರೆ ಇದು: ಅಲಂಕಾರವನ್ನು ಹೆಚ್ಚಿಸದೆ ವಸ್ತುವನ್ನು ಹತ್ತಿರಕ್ಕೆ ತರುವುದು.

ಬೀಡನ ನಿಜವಾದ ಲೋಪವು ಉಪದೇಶದ ಆತುರ. ಕಾಗೆಗಳ ಪ್ರಸಂಗವನ್ನು ಮುಗಿಸಿದೊಡನೆ, ಹಕ್ಕಿಗಳಿಂದಲೂ ವಿನಯವನ್ನು ಕಲಿಯಬಹುದೆಂದು ಅವನು ವಿವರಿಸಲು ತೊಡಗುತ್ತಾನೆ. ಕೊಬ್ಬಿನ ತುಂಡು ತಾನೇ ಹೇಳಿ ಮುಗಿಸಿದ್ದ ಮಾತನ್ನು ಗ್ರಂಥಕರ್ತನು ಎರಡನೆಯ ಸಲ ಹೇಳಿದಂತಾಗುತ್ತದೆ. ವ್ಯಂಗ್ಯವಾಗಿ ಸ್ಫುರಿಸಿದುದನ್ನು ವಾಚ್ಯವಾಗಿ ಮಾಡಿದರೆ ರಸವು ಬತ್ತುತ್ತದೆಂಬುದಕ್ಕೆ ಇಂತಹ ಸ್ಥಳಗಳು ನಿದರ್ಶನಗಳು. ಇನ್ನೊಂದು ಮಾತನ್ನು ಅವನ ಪೀಠಿಕೆಯಿಂದಲೇ ತಿಳಿಯಬಹುದು. ಅವನು ತನ್ನ ಬರಹವನ್ನು ಕತ್ಬರ್ಟನನ್ನು ಚೆನ್ನಾಗಿ ಬಲ್ಲವರಿಗೆ ತೋರಿಸಿ ತಿದ್ದಿಸಿದನು. ಬಳಿಕ ಲಿಂಡಿಸ್‌ಫಾರ್ನಿನ ಹಿರಿಯರ ಮುಂದೆ ಅದು ಎರಡು ದಿನಗಳ ಕಾಲ ಓದಲ್ಪಟ್ಟು ಸರ್ವಸಮ್ಮತವಾಯಿತು. ಆ ಸಮಯದಲ್ಲಿ ಹಿರಿಯರು ಸಂತನನ್ನು ಕುರಿತು ಇನ್ನೂ ಅನೇಕ ವಿಷಯಗಳನ್ನು ನೆನಪಿಸಿಕೊಂಡು ಹೇಳಿದರು. ಆದರೆ ಪೂರ್ಣಗೊಂಡ ಗ್ರಂಥದೊಳಗೆ ಹೊಸದನ್ನು ತುರುಕುವುದು ಉಚಿತವಲ್ಲವೆಂದು ಬೀಡನು ಅವನ್ನು ಸೇರಿಸಲಿಲ್ಲ. ಸಭೆಯ ಪರೀಕ್ಷೆಗೆ ತನ್ನ ಗ್ರಂಥವನ್ನು ಒಡ್ಡಿದ ವಿನಯವು ಸ್ತುತ್ಯ. ರಚನೆಯ ಅಚ್ಚುಕಟ್ಟಿಗಾಗಿ ಕಂಡವರ ನೆನಪುಗಳನ್ನು ಹೊರಗಿಟ್ಟುದು ಮಾತ್ರ ತುಂಬಲಾರದ ನಷ್ಟ.

೫

ಚರಿತಕಾರನು ಹೇಳಿದುದನ್ನು ಪರೀಕ್ಷಿಸುವಂತೆಯೇ ಹೇಳದೆ ಬಿಟ್ಟುದನ್ನೂ ಪರೀಕ್ಷಿಸಬೇಕು. ಕತ್ಬರ್ಟನ ಕಾಲದಲ್ಲಿ ನಾರ್ಥಂಬ್ರಿಯದ ಕ್ರೈಸ್ತರಲ್ಲಿ ಎರಡು ಸಂಪ್ರದಾಯಗಳಿದ್ದುವು. ಈಸ್ಟರ್ ಹಬ್ಬದ ದಿನವನ್ನು ಗಣಿಸುವುದರಲ್ಲಿಯೂ ಸಂನ್ಯಾಸಿಗಳು ತಲೆಯನ್ನು ಕ್ಷೌರ ಮಾಡಿಸಿಕೊಳ್ಳುವ ರೀತಿಯಲ್ಲಿಯೂ ಐರಿಷ್ ಮಠಗಳ ಪದ್ಧತಿಯೊಂದು, ರೋಮಿನ ಪದ್ಧತಿಯೊಂದು. ೬೬೪ರಲ್ಲಿ ವಿಟ್ಬಿಯ ಸಭೆಯಲ್ಲಿ ದೊರೆ ಓಸ್ವಿಯು ರೋಮಿನ ಪಕ್ಷಕ್ಕೆ ಜಯವನ್ನಿತ್ತನು. ಕತ್ಬರ್ಟನು ಬೆಳೆದುದು ಐರಿಷ್ ಸಂಪ್ರದಾಯದಲ್ಲಿ. ಹೊಸ ಪದ್ಧತಿಯನ್ನು ಒಪ್ಪದ್ದರಿಂದಲೇ ಅವನೂ ಅವನ ಮಠಾಧಿಪತಿಯಾದ ಈಯಾಟನೂ ರಿಪನ್ ಮಠವನ್ನು ಬಿಡಬೇಕಾಯಿತು. ಆ ಮಠವು ರೋಮಿನ ಪಕ್ಷದ ಮುಂದಾಳಾದ ವಿಲ್‌ಫ್ರಿಡನಿಗೆ ಸಂದಿತು.

ಈ ವಿಷಯದಲ್ಲಿ ಎರಡು ಚರಿತೆಗಳೂ ಜಾರಿಕೊಳ್ಳುತ್ತವೆ. ಅನಾಮಧೇಯನು ಕತ್ಬರ್ಟನು ರಿಪನ್ನಿನಲ್ಲಿಯೇ ರೋಮಿನ ರೀತಿಯ ಕ್ಷೌರವನ್ನು ಸ್ವೀಕರಿಸಿದನೆಂದು ಹೇಳುತ್ತಾನೆ. ಬೀಡನು ಅದನ್ನು ಮೆಲ್‌ರೋಸಿಗೆ ಸರಿಸಿ, ಅದರ ರೀತಿಯೇನೆಂಬುದನ್ನು ಹೇಳದೆ ಬಿಡುತ್ತಾನೆ. ರಿಪನ್ನಿನಿಂದ ಹೊರಬಿದ್ದುದನ್ನು ಹೇಳಿದರೂ ಕಾರಣವನ್ನು ಹೇಳುವುದಿಲ್ಲ. ಕತ್ಬರ್ಟನು ಕಾಲವಾದ ತರುವಾಯ ಲಿಂಡಿಸ್‌ಫಾರ್ನಿನ ಮೇಲೆ ಎಂತಹ ಬಿರುಗಾಳಿಯು ಬೀಸಿತೆಂದರೆ, ಸೋದರರಲ್ಲಿ ಅನೇಕರು ಅಲ್ಲಿರುವುದಕ್ಕಿಂತ ಹೊರಟುಹೋಗುವುದೇ ಮೇಲೆಂದು ಬಗೆದರೆಂದು ಬರೆಯುತ್ತಾನೆ. ಆದರೆ ಆ ಬಿರುಗಾಳಿಯು ಯಾವುದೆಂದು ತಿಳಿಸುವುದಿಲ್ಲ. ೭೩೧ರಲ್ಲಿ ಮುಗಿಸಿದ ಆಂಗ್ಲಜನಾಂಗದ ಧರ್ಮೇತಿಹಾಸದಲ್ಲಿ ಅವನೇ ರಿಪನ್ನಿನ ಕಾರಣವನ್ನು ಬಿಚ್ಚಿ ಹೇಳಿದನು. ಕತ್ಬರ್ಟನ ಬಳಿಕ ಒಂದು ವರ್ಷಕಾಲ ಆ ಪೀಠವು ವಿಲ್‌ಫ್ರಿಡನ ವಶದಲ್ಲಿತ್ತೆಂದೂ ತಿಳಿಸಿದನು. ಎರಡನ್ನೂ ಕೂಡಿಸಿ ಓದಿದವನಿಗೆ ಬಿರುಗಾಳಿಯ ಹೆಸರು ಊಹ್ಯವಾಗುತ್ತದೆ.

ಇದನ್ನು ಕಪಟವೆನ್ನುವುದು ಅವಿಚಾರ. ಸಂತನ ಹಬ್ಬದ ದಿನ ಮಠದಲ್ಲಿ ಓದತಕ್ಕ ಚರಿತೆಯಲ್ಲಿ ಹಳೆಯ ಗಾಯವನ್ನು ಕೆದಕಬಾರದೆಂಬ ವಿವೇಕವು ಅಲ್ಲಿದೆ. ಇತಿಹಾಸದಲ್ಲಿ ಅದನ್ನು ಮುಚ್ಚಿಡಬಾರದೆಂಬ ವಿವೇಕವು ಇಲ್ಲಿದೆ. ಪ್ರಕಾರಭೇದದಿಂದ ಔಚಿತ್ಯಭೇದ. ಆದರೂ ಚರಿತೆಯೊಂದನ್ನೇ ಓದುವವನು ಕತ್ಬರ್ಟನ ಶಾಂತಿಯನ್ನು ಹುಟ್ಟುಗುಣವೆಂದು ತಿಳಿಯುವ ಅಪಾಯವುಂಟು. ತಾನು ಬೆಳೆದ ಸಂಪ್ರದಾಯವು ಸೋತುದನ್ನು ಕಂಡು, ಗೆದ್ದ ಪದ್ಧತಿಯನ್ನು ಕಹಿಯಿಲ್ಲದೆ ಒಪ್ಪಿ, ಅದಕ್ಕೆ ಒಗ್ಗದ ಮಠದವರನ್ನು ತಾಳ್ಮೆಯಿಂದ ನಡೆಸಿದವನ ಶಾಂತಿ ಅದು. ಸಭೆಗಳಲ್ಲಿ ಅವರು ಕಟುವಾಗಿ ಎದುರಾಡಿದಾಗ ಅವನು ಸುಮ್ಮನೆ ಎದ್ದುಹೋಗುತ್ತಿದ್ದನೆಂದೂ, ಮರುದಿನ ಏನೂ ನಡೆಯದವನಂತೆ ಬಂದು ಮತ್ತೆ ಅದೇ ಉಪದೇಶವನ್ನು ಮಾಡುತ್ತಿದ್ದನೆಂದೂ ಬೀಡನು ಬರೆದಿರುವುದು ಈ ಹಿನ್ನೆಲೆಯಲ್ಲಿ ಅರ್ಥವತ್ತಾಗುತ್ತದೆ.

ಒಳಜಗಳವನ್ನು ಮರೆಸಿದ ಬೀಡನು ಹೊರಗಿನ ಎದುರಾಳಿಯ ಮಾತನ್ನು ಮರೆಸಲಿಲ್ಲವೆಂಬುದು ಗಮನಾರ್ಹ. ಟೈನ್ ನದಿಯ ಮುಖದ ಬಳಿ ಸಂನ್ಯಾಸಿಗಳು ಮರವನ್ನು ತರುತ್ತಿದ್ದ ಐದು ತೆಪ್ಪಗಳು ಗಾಳಿಗೆ ಸಿಕ್ಕಿ ಕಡಲಿನತ್ತ ತೇಲಿಹೋದುವು. ದಡದಲ್ಲಿ ನೆರೆದ ಹಳ್ಳಿಗರು ಮರುಗುವುದಕ್ಕೆ ಬದಲಾಗಿ ಹಾಸ್ಯಮಾಡಿದರು. ತರುಣ ಕತ್ಬರ್ಟನು ಆಕ್ಷೇಪಿಸಿದಾಗ ಅವರು, ತಮ್ಮ ಹಳೆಯ ಪೂಜೆಯನ್ನು ಈ ಸಂನ್ಯಾಸಿಗಳು ಕಿತ್ತುಕೊಂಡರೆಂದೂ, ಹೊಸದನ್ನು ಹೇಗೆ ನಡೆಸಬೇಕೆಂಬುದು ಯಾರಿಗೂ ತಿಳಿಯದೆಂದೂ, ದೇವರು ಇವರಿಗೆ ಕರುಣೆ ತೋರದಿರಲೆಂದೂ ನುಡಿದರು. ಕತ್ಬರ್ಟನು ಮೊಣಕಾಲೂರಿ ಪ್ರಾರ್ಥಿಸಲು ಗಾಳಿಯು ತಿರುಗಿ ತೆಪ್ಪಗಳು ದಡ ಸೇರಿದುವು. ಈ ಪ್ರಸಂಗವು ಅನಾಮಧೇಯನಲ್ಲಿಲ್ಲ. ಆ ದಿನ ದಡದಲ್ಲಿದ್ದ ಹಳ್ಳಿಗನೊಬ್ಬನೇ ಮುಂದೆ ಹೇಳುತ್ತಿದ್ದುದನ್ನು ಕೇಳಿದ ಸೋದರನಿಂದ ಬೀಡನಿಗೆ ದೊರೆತುದು. ಗಾಳಿ ತಿರುಗಿದುದಕ್ಕಿಂತ ಹೆಚ್ಚಾಗಿ ನೆನಪಿನಲ್ಲಿ ನಿಲ್ಲುವುದು ಆ ಹಳ್ಳಿಗರ ಕೊರಗು. ಮತಾಂತರದ ಕಾಲದಲ್ಲಿ ಸಾಮಾನ್ಯಜನರು ಪಟ್ಟ ಗೊಂದಲವು ಇಷ್ಟು ನೇರವಾಗಿ ಆ ಯುಗದ ಬರಹಗಳಲ್ಲಿ ಕೇಳಿಬರುವುದು ಅಪರೂಪ.

೬

ಬೀಡನು ಹೊಸದಾಗಿ ಸೇರಿಸಿದ ಪ್ರಸಂಗಗಳಲ್ಲಿಯೇ ಅವನ ಹಿರಿಮೆಯು ಹೆಚ್ಚಾಗಿ ಕಂಡುಬರುತ್ತದೆ. ಮಹಾಮಾರಿಗೆ ಸಿಕ್ಕಿದ ಗುರು ಬಾಯ್ಸಿಲನು, ತನಗೆ ಉಳಿದಿರುವುದು ಏಳೇ ದಿನಗಳೆಂದು ಹೇಳಿ, ಅಷ್ಟರಲ್ಲಿ ಕಲಿಯಬಹುದಾದುದನ್ನು ಕಲಿಯೆಂದು ಶಿಷ್ಯನನ್ನು ಕರೆಯುತ್ತಾನೆ. ಏಳು ಮಡಿಕೆಗಳ ಕಟ್ಟಾಗಿದ್ದ ಯೋಹಾನನ ಸುವಾರ್ತೆಯನ್ನು ದಿನಕ್ಕೊಂದು ಮಡಿಕೆಯಂತೆ ಇಬ್ಬರೂ ಓದಿ ಮುಗಿಸುತ್ತಾರೆ. ಏಳು ದಿನಗಳಲ್ಲಿ ಮುಗಿದುದು ಹೇಗೆಂದರೆ, ಅವರು ಗಹನವಾದ ವಾದಗಳಿಗೆ ಹೋಗದೆ ಪ್ರೇಮದಿಂದ ಕೂಡಿದ ಶ್ರದ್ಧೆಯ ಸರಳವಾದ ವಿಷಯಗಳನ್ನು ಮಾತ್ರ ನೋಡಿದರೆಂದು ಬೀಡನು ತಿಳಿಸುತ್ತಾನೆ. ಏಳನೆಯ ದಿನ ಪುಸ್ತಕವೂ ಮುಗಿಯಿತು, ಗುರುವಿನ ಆಯುಸ್ಸೂ ಮುಗಿಯಿತು. ಪಾಠ ಹೇಳುವವರೆಲ್ಲರೂ ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಪ್ರಸಂಗವಿದು. ೧೧೦೪ರಲ್ಲಿ ಡರಮ್ ನಗರದಲ್ಲಿ ಸಂತನ ಶವಪೆಟ್ಟಿಗೆಯನ್ನು ತೆರೆದಾಗ ಯೋಹಾನನ ಸುವಾರ್ತೆಯ ಒಂದು ಕಿರುಪುಸ್ತಕವು ದೊರೆಯಿತು. ಅದು ಎಂಟನೆಯ ಶತಮಾನದ ಆದಿಯಲ್ಲಿ ಬೀಡನ ಮಠದಲ್ಲಿಯೇ ಬರೆದ ಪ್ರತಿ, ಬಾಯ್ಸಿಲನದಾಗಿರಲಾರದು. ೨೦೧೨ರಲ್ಲಿ ಬ್ರಿಟಿಷ್ ಲೈಬ್ರರಿಯು ಅದನ್ನು ಕೊಂಡುಕೊಂಡಿತು.

ಆದರೆ ಗ್ರಂಥದ ಶಿಖರವು ಅಂತ್ಯಪ್ರಸಂಗ. ಅನಾಮಧೇಯನು ಕತ್ಬರ್ಟನ ಮರಣವನ್ನು ಕೆಲವೇ ವಾಕ್ಯಗಳಲ್ಲಿ ಮುಗಿಸಿಬಿಡುತ್ತಾನೆ. ಬೀಡನು ಮೂವತ್ತೇಳನೆಯ ಅಧ್ಯಾಯದಿಂದ ತನ್ನ ಲೇಖನಿಯನ್ನು ಇನ್ನೊಬ್ಬನಿಗೆ ಒಪ್ಪಿಸುತ್ತಾನೆ. ಆ ಸಮಯದಲ್ಲಿ ಹತ್ತಿರವಿದ್ದ ಹೆರೆಫ್ರಿತನೆಂಬ ಯತಿಯು ಹೇಳಿದುದನ್ನು ಅವನ ಮಾತಿನಲ್ಲಿಯೇ ನಿರೂಪಿಸುತ್ತಾನೆ. ಕತ್ಬರ್ಟನಿಗೆ ಕಾಯಿಲೆ ತಗುಲಿದ ಮಾರನೆಯ ಬೆಳಗ್ಗೆ ಹೆರೆಫ್ರಿತನು ಯಾರನ್ನಾದರೂ ಜೊತೆಗೆ ಬಿಟ್ಟುಹೋಗುವೆನೆಂದು ಬೇಡಿದರೂ ಸಂತನು ಒಪ್ಪಲಿಲ್ಲ. ಬಿರುಗಾಳಿಯೆದ್ದು ಐದು ದಿನಗಳವರೆಗೆ ದೋಣಿಯು ದ್ವೀಪಕ್ಕೆ ಹೋಗಲಾಗಲಿಲ್ಲ. ಗಾಳಿಯು ಅಡಗಿದ ಮೇಲೆ ಹೋಗಿ ನೋಡಿದರೆ, ಸಂತನು ತನ್ನ ಗುಡಿಸಲನ್ನು ಬಿಟ್ಟು ಅತಿಥಿಗೃಹಕ್ಕೆ ಬಂದು ಕುಳಿತಿದ್ದನು. ಬರುವವರಿಗೆ ತನ್ನನ್ನು ಹುಡುಕುವ ತೊಂದರೆಯಾಗದಿರಲೆಂದು ಬಂದವನು ಐದು ಹಗಲು ಐದು ಇರುಳು ಅಲ್ಲಿಂದ ಕದಲಿರಲಿಲ್ಲ. ಹೆರೆಫ್ರಿತನು ನೀರು ಕಾಯಿಸಿ, ಬಾತು ಹುಣ್ಣಾಗಿದ್ದ ಕಾಲನ್ನು ತೊಳೆದು, ದ್ರಾಕ್ಷಾರಸವನ್ನು ಬೆಚ್ಚಗೆ ಮಾಡಿ ಕುಡಿಸಿದನು. ಇಷ್ಟು ದಿನ ಆಹಾರವೇನೆಂದು ಕೇಳಲು, ಸಂತನು ಹಾಸಿಗೆಯ ಮರೆಯಲ್ಲಿದ್ದ ಐದು ಈರುಳ್ಳಿಗಳನ್ನು ತೋರಿಸಿ, ಬಾಯಿ ಒಣಗಿದಾಗ ಇವುಗಳಿಂದ ಆರಿಸಿಕೊಂಡೆನೆಂದನು. ಅವುಗಳಲ್ಲಿ ಒಂದು ಮಾತ್ರ ಅರ್ಧಕ್ಕೂ ಕಡಿಮೆಯಾಗಿ ಕಚ್ಚಲ್ಪಟ್ಟಿದ್ದಿತು. ಈ ಐದು ದಿನಗಳಲ್ಲಿ ತನ್ನನ್ನು ಶತ್ರುಗಳು ಕಾಡಿದಂತೆ ಹಿಂದೆಂದೂ ಕಾಡಿರಲಿಲ್ಲವೆಂದೂ ಅವನು ಹೇಳಿದನು. ಆ ಶತ್ರುಗಳು ಯಾವುವೆಂದು ಕೇಳುವ ಧೈರ್ಯವು ಹೆರೆಫ್ರಿತನಿಗೆ ಬರಲಿಲ್ಲ.

ಈ ಅರ್ಧ ತಿಂದ ಈರುಳ್ಳಿಗೆ ಆಂಟನಿಯ ಚರಿತೆಯಲ್ಲಿ ಮೂಲವಿಲ್ಲ, ಮಾರ್ಟಿನ್ನನ ಚರಿತೆಯಲ್ಲಿಯೂ ಇಲ್ಲ. ಮಹಿಮೆಯ ಅಂಶವೂ ಇದರಲ್ಲಿಲ್ಲ. ತರುಣನಾಗಿದ್ದಾಗ ಪ್ರಾರ್ಥನೆಯಿಂದ ಟೈನ್ ನದಿಯ ಗಾಳಿಯನ್ನು ತಿರುಗಿಸಿದವನೆಂದು ಯಾರನ್ನು ಗ್ರಂಥದ ಆದಿಯಲ್ಲಿ ವರ್ಣಿಸಲಾಯಿತೋ, ಗ್ರಂಥದ ಕೊನೆಯಲ್ಲಿ ಅವನ ಸಹಾಯಕ್ಕೆ ಬರಬೇಕಾದ ದೋಣಿಯನ್ನು ಗಾಳಿಯು ಐದು ದಿನ ತಡೆಯುತ್ತದೆ. ಅವನು ಅದನ್ನು ತಿರುಗಿಸುವುದಿಲ್ಲ. ಸೇವಕನನ್ನು ಶುದ್ಧಿಗೊಳಿಸಲು ದೇವರೇ ಹೀಗೆ ಏರ್ಪಡಿಸಿದನೆಂಬ ವಿವರಣೆಯು ಗ್ರಂಥದಲ್ಲುಂಟು. ಆದರೆ ಕೇಳುವವನ ಹೃದಯವನ್ನು ತಟ್ಟುವುದು ವಿವರಣೆಯಲ್ಲ, ತೊಳೆಯಲ್ಪಟ್ಟ ಆ ಕಾಲು. ಮುಂದಿನ ಸಂಭಾಷಣೆಯೂ ಹೀಗೆಯೇ ಸಹಜವಾದುದು. ತನ್ನನ್ನು ಫಾರ್ನಿನಲ್ಲಿಯೇ ಹೂಳಬೇಕೆಂದೂ, ಮಠದಲ್ಲಿ ಹೂಳಿದರೆ ಆಶ್ರಯ ಬೇಡಿ ಬರುವ ಅಪರಾಧಿಗಳಿಗಾಗಿ ದೊರೆಗಳ ಮುಂದೆ ವಾದಿಸುವ ಕಷ್ಟವು ಸೋದರರಿಗೆ ಬರುವುದೆಂದೂ ಅವನು ಹೇಳಿದನು. ಸೋದರರು ಬಿಡದೆ ಬೇಡಲು, ಹಾಗಾದರೆ ದೇವಾಲಯದ ಒಳಗೇ ಹೂಳಿರೆಂದು ಒಪ್ಪಿದನು. ಪರಸ್ಪರ ಶಾಂತಿಯಿಂದಲೂ ಪ್ರೀತಿಯಿಂದಲೂ ಇರಬೇಕೆಂಬುದು ಅವನ ಕೊನೆಯ ಉಪದೇಶದ ಮೊದಲ ಮಾತು; ಈಸ್ಟರ್ ಹಬ್ಬವನ್ನು ಅಕಾಲದಲ್ಲಿ ಆಚರಿಸುವವರೊಡನೆ ಸೇರಬಾರದೆಂಬುದು ಅದರಲ್ಲಿಯೇ ಬರುವ ಇನ್ನೊಂದು ಮಾತು. ಎರಡನೆಯದು ಬೀಡನ ಕಾಲದ ಪಕ್ಷಕ್ಕೆ ಎಷ್ಟು ಅನುಕೂಲವಾಗಿದೆಯೆಂಬುದನ್ನು ಎಚ್ಚರವುಳ್ಳ ಓದುಗನು ಗಮನಿಸದಿರಲಾರನು. ರಾತ್ರಿಯ ಪ್ರಾರ್ಥನೆಯ ವೇಳೆಗೆ ಸಂತನು ಕೈಗಳನ್ನೆತ್ತಿ ಪ್ರಾಣಬಿಟ್ಟನು. ಒಬ್ಬ ಸೋದರನು ಎರಡು ಪಂಜುಗಳನ್ನು ಹಿಡಿದು ಎತ್ತರದಲ್ಲಿ ನಿಂತು ಸಮುದ್ರದಾಚೆಯ ಮಠಕ್ಕೆ ಸುದ್ದಿಯನ್ನು ತಿಳಿಸಿದನು.

೭

ಸಂತಚರಿತೆಗಳಲ್ಲಿ ಅದ್ಭುತವು ಹೆಚ್ಚೆಂಬ ಕಾರಣದಿಂದ ಅವನ್ನು ಸಾಹಿತ್ಯದ ಹೊರಗಿಡುವವರುಂಟು. ಅದ್ಭುತವನ್ನು ಸೋಸಿ ತೆಗೆದು ಉಳಿದುದನ್ನು ಮಾತ್ರ ಇತಿಹಾಸವೆಂದು ಸ್ವೀಕರಿಸುವವರೂ ಉಂಟು. ಎರಡೂ ಏಕದೇಶಿಯಾದ ದೃಷ್ಟಿಗಳು. ಇಂತಹ ಕೃತಿಯ ಅಂಗಿರಸವು ಶಾಂತ; ಅದ್ಭುತವು ಅದಕ್ಕೆ ಅಂಗ. ಅಂಗವು ಅಂಗಿಯನ್ನು ಪೋಷಿಸಿದೆಡೆಯಲ್ಲಿ, ನೀರುನಾಯಿಗಳ ಪ್ರಸಂಗದಲ್ಲಿರುವಂತೆ, ಅದು ನಂಬತಕ್ಕುದೋ ಅಲ್ಲವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಅಂಗವೇ ಪ್ರಧಾನವಾಗಿ ನಿಂತೆಡೆಯಲ್ಲಿ ಕೃತಿಯು ಮಹಿಮೆಗಳ ಪಟ್ಟಿಯಾಗುತ್ತದೆ. ಎರಡು ಗದ್ಯಚರಿತೆಗಳಲ್ಲಿಯೂ ಅಂತಹ ಭಾಗಗಳು ಇಲ್ಲದಿಲ್ಲ.

ಇನ್ನು ತಾರತಮ್ಯ. ಪದ್ಯಕಾವ್ಯವು ವಿದ್ವತ್ತಿನ ಫಲ. ಅದರಲ್ಲಿ ಕತ್ಬರ್ಟನು ಕಾಣುವುದಕ್ಕಿಂತ ಬೀಡನು ಹೆಚ್ಚು ಕಾಣುತ್ತಾನೆ. ಅನಾಮಧೇಯನ ಗದ್ಯವು ನೆಲಕ್ಕೂ ಸಾಕ್ಷಿಗೂ ಹತ್ತಿರವಾದುದು. ಅದರ ಒರಟುತನವೇ ಅದರ ಪ್ರಮಾಣ. ೭೩೧ರ ಇತಿಹಾಸದ ಪೀಠಿಕೆಯಲ್ಲಿ ಬೀಡನೂ ಲಿಂಡಿಸ್‌ಫಾರ್ನಿನ ಸೋದರರ ಬರಹಗಳಿಗೆ ತಾನು ಋಣಿಯೆಂಬುದನ್ನು ಒಪ್ಪಿಕೊಂಡನು. ಬೀಡನ ಗದ್ಯವು ಮೂರರಲ್ಲಿ ಶ್ರೇಷ್ಠವಾದುದು ಅದರ ಶೈಲಿಯಿಂದಲ್ಲ, ಅಧ್ಯಾಯಗಳ ಅಚ್ಚುಕಟ್ಟಿನಿಂದಲೂ ಅಲ್ಲ. ಅತ್ಯಂತ ಮುಖ್ಯವಾದ ಪ್ರಸಂಗದಲ್ಲಿ, ತನ್ನ ಕಾಲದ ಲ್ಯಾಟಿನ್ ಗದ್ಯಕಾರರಲ್ಲಿ ಅಗ್ರೇಸರನಾದವನು ತನ್ನ ಶೈಲಿಯನ್ನು ಬದಿಗಿಟ್ಟು ಕಂಡವನ ಮಾತಿಗೆ ಎಡೆಮಾಡಿಕೊಟ್ಟುದರಿಂದ. ಲಕ್ಷಣಗ್ರಂಥಗಳನ್ನು ಅಭ್ಯಾಸಮಾಡಿದವರಿಗೆ ಈ ಸಂಯಮವು ಸುಲಭವಾಗಿ ಸಾಧಿಸುವಂತಹುದಲ್ಲ. ಎಲ್ಲಿ ಅಲಂಕರಿಸಬೇಕೆಂಬುದನ್ನು ಶಾಸ್ತ್ರವು ಕಲಿಸುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ವಸ್ತುವಿನ ಮೇಲಣ ಗೌರವವು ಕಲಿಸಬೇಕು.

೭೯೩ರಲ್ಲಿ ಕಡಲುಗಳ್ಳರು ಲಿಂಡಿಸ್‌ಫಾರ್ನನ್ನು ಸುಲಿದರು. ೮೭೫ರಲ್ಲಿ ಮಠದವರು ಸಂತನ ಶರೀರವನ್ನು ಹೊತ್ತು ದ್ವೀಪವನ್ನು ಬಿಟ್ಟರು. ಅಲೆದಲೆದು ೯೯೫ರಲ್ಲಿ ಡರಮ್ಮನ್ನು ಸೇರಿದರು. ಮಠವು ಹಾಳಾಯಿತು, ಪೀಠವು ಸ್ಥಳಾಂತರವಾಯಿತು. ಹೆರೆಫ್ರಿತನು ತೊಳೆದ ಕಾಲು, ಕಚ್ಚಿಟ್ಟ ಈರುಳ್ಳಿ, ಕೇಳದೆ ಉಳಿದ ಪ್ರಶ್ನೆ ಇವು ಬೀಡನ ಪುಟಗಳಲ್ಲಿ ಇಂದಿಗೂ ಹಾಗೆಯೇ ಇವೆ.